ಬೆರಳ ತುದಿಯಿಂದ ನೆಲಕ್ಕೆ

ಮೊಣಕಾಲು ಮಡಚದೆ ಬಾಗು, ಅಂದಳು ನರ್ಸ್ ಇಂಗುನ್.
ಬಾಗಿದೆ. ಟೇಪು ಹಿಡಿದು ಕುಕ್ಕರಗಾಲಲ್ಲಿ ಕೂತು
ನನ್ನ ನಡುಬೆರಳಿಗೂ ನೆಲಕ್ಕೂ ನಡುವೆ
ಉಳಿದುಬಿಟ್ಟ ಗಾಳಿಯನ್ನು ಅಳೆದು ಬರೆದುಕೊಂಡಳು:
ಮೂವತ್ತೊಂದು ಸೆಂಟಿಮೀಟರ್.
ಒಂದು ಹೆರಿಂಗ್ ಮೀನಿನುದ್ದ, ಅಂದೆ.
ನಕ್ಕಳು. ನಗುವಿಗೆ ಫಾರಮ್ಮಿನಲ್ಲಿ ಕಾಲಂ ಇರಲಿಲ್ಲ.

ಹತ್ತರಲ್ಲಿ ಎಷ್ಟು ನೋವು?
ಯಾವ ಹೊತ್ತಿನದು ಹೇಳಲಿ?
ಬೆಳಗಿನ ಜಾವ ಮೂರೂವರೆಗೆ ಒಂಬತ್ತು.
ಏಣಿ ಹತ್ತಿ, ಬಾಲ ಕಟ್ಟಿದ ಕಾಡ್ ಮೀನಿನ ಜೋಡಿಗಳನ್ನು
ಅಡ್ಡಗಳುವಿಗೆ ನೇತುಹಾಕುತ್ತ ಮೈ ಬಿಸಿಯೇರಿದರೆ, ಮೂರು.
ಮಲಗಿದರೆ ಏರುತ್ತದೆ, ದುಡಿದರೆ ಇಳಿಯುತ್ತದೆ.
ಈ ರೋಗಕ್ಕೆ ಮುದ್ದು ಆಗಿಬರುವುದಿಲ್ಲ.
ಭಾನುವಾರ ನನ್ನ ವೈರಿ.

ಹದಿನೇಳು ವರ್ಷದ ಹಿಂದೆ, ಎಕ್ಸ್‌ರೇ ಹಾಳೆಯನ್ನು ದೀಪಕ್ಕೆ ಹಿಡಿದು
ಡಾಕ್ಟರು ತೋರಿಸಿದ್ದರು: ಇದಕ್ಕೆ ಬಿದಿರು ಬೆನ್ನು ಅನ್ನುತ್ತಾರೆ.
ಲೋಫೋಟೆನ್ನಿನಲ್ಲಿ ಬಿದಿರು ಬೆಳೆಯುವುದಿಲ್ಲ.
ನಾನು ಕಂಡ ಬಿದಿರು ಒಂದೇ,
ಸೋದರಮಾವ ಓಡ್‌ಮುಂಡನ ಹಳೇ ಗಾಳದ ಕೋಲು.
ಅವನೂ ಹೀಗೇ ಬಾಗಿದ್ದ. ಮೀನು ಹೊತ್ತು ಬಾಗಿದ್ದಾನೆ ಅಂತ
ಊರವರು ಅಂದುಕೊಂಡರು; ಅವನೂ ಅಂದುಕೊಂಡ.
ಕೊನೆಕೊನೆಗೆ ಬಂದವರನ್ನು ಬೂಟಿನಿಂದ ಗುರುತು ಹಿಡಿಯುತ್ತಿದ್ದ.
ಹೊಸ ಬೂಟು ಕೊಂಡವರು ಅವನಿಗೆ ಹೊಸಬರೇ.

ಸಮ್ಮತಿ ಪತ್ರ ಇಪ್ಪತ್ತೆರಡು ಪುಟ.
ದೋಣಿ ಕೊಂಡಾಗಲೂ ಇಷ್ಟು ಸಹಿ ಹಾಕಿರಲಿಲ್ಲ.
ಯಾವಾಗ ಬೇಕಾದರೂ, ಕಾರಣ ಹೇಳದೆ, ಬಿಟ್ಟುಹೋಗಬಹುದು:
ಒಂಬತ್ತನೇ ಪುಟದ ಆ ಸಾಲನ್ನು ಎರಡು ಸಲ ಓದಿದೆ.
ನನ್ನ ಬೆನ್ನು ನನಗೆ ಅಂಥ ಕಾಗದ ಕೊಟ್ಟಿರಲಿಲ್ಲ.

ಮೊದಲು ಹಳೇ ಇಂಜೆಕ್ಷನ್ ನಿಲ್ಲಿಸಿ ಆರು ವಾರ,
ಅದು ಮೈಯಿಂದ ಪೂರ್ತಿ ತೊಳೆದು ಹೋಗಬೇಕಂತೆ.
ಆ ಆರು ವಾರ
ಕಾಲಿಗೆ ಸಾಕ್ಸ್ ತೊಡಿಸಿದವನು ಎಂಟು ವರ್ಷದ ಮಗ,
ಎಡಗಾಲಿಗೊಂದು ಬಣ್ಣ, ಬಲಗಾಲಿಗೊಂದು.
ಬದಲಾಯಿಸೋ ಅನ್ನಲಿಲ್ಲ.

ಈಗ ಸಿರಿಂಜಿನೊಳಗೆ ಇರುವುದು ಔಷಧವೋ ಬರೀ ಉಪ್ಪುನೀರೋ
ನನಗೆ ಗೊತ್ತಿಲ್ಲ, ಇಂಗುನ್‌ಗೆ ಗೊತ್ತಿಲ್ಲ, ಡಾಕ್ಟರಿಗೂ ಇಲ್ಲ.
ಎಲ್ಲೋ ಒಂದು ಕಂಪ್ಯೂಟರು ಚೀಟಿ ಎತ್ತಿ
ಬಾಯಿಗೆ ಬೀಗ ಹಾಕಿಕೊಂಡಿದೆ.
ಉಪ್ಪುನೀರೇ ಆದರೆ, ಅಷ್ಟು ದೂರದಿಂದ ಯಾಕೆ ಬಂದೆನೋ.
ನಮ್ಮ ಬಾಗಿಲು ತೆಗೆದರೆ ಅದೇ ಇರುವುದು.

ಟ್ರೊಮ್ಸೋ ಆಸ್ಪತ್ರೆಯ ಈ ಕೋಣೆಯಲ್ಲಿ
ಕುರ್ಚಿಗಳಿವೆ, ಕೂರುವವರಿಲ್ಲ.
ಕಿಟಕಿಯಂಚಿಗೆ ಮೊಣಕೈ ಊರಿ ನಿಲ್ಲುತ್ತೇವೆ,
ಹೊರಗೆ ಮಧ್ಯಾಹ್ನ ಎರಡಕ್ಕೇ ರಾತ್ರಿ.
ಹಿಮಸಾರಂಗ ಕಾಯುವ ರಿಸ್ಟಿನ್,
ಕೌಟೊಕೈನೊದಿಂದ ಏಳು ತಾಸು ಗಾಡಿ ಓಡಿಸಿ ಬಂದವಳು,
ಹತ್ತನೇ ವಾರ ನನ್ನತ್ತ ತಿರುಗಿದಳು.
ಬರೀ ಕತ್ತು. ಭುಜ ಇದ್ದಲ್ಲೇ ಇತ್ತು.
ಮೊನ್ನೆ ಹಿಮದಲ್ಲಿ ಹಿಂತಿರುಗಿ ನೋಡಿದೆ, ಅಂದಳು,
ಮಂದೆ ಪೂರಾ ಹಿಂದೆ ಬರ್ತಾ ಇತ್ತು.
ನಿಂದೆಷ್ಟು?
ಇಪ್ಪತ್ತೊಂಬತ್ತು, ಅಂದೆ.
ಇಳಿದ ಎರಡು ಸೆಂಟಿಮೀಟರ್
ಔಷಧ ಇರಬಹುದು, ಆಸೆ ಇರಬಹುದು,
ಇಂಗುನ್ ಟೇಪನ್ನು ಸಡಿಲ ಹಿಡಿದಿದ್ದಿರಬಹುದು.
ಪಾಪ, ನೀರು ನಿನಗೇ ಬಿದ್ದಿದೆ, ಅಂದಳು.

ಬಿದ್ದಿರಲಿ.
ಒಣಗಿದ ಮೀನು ಎಷ್ಟು ಹಗುರಾಯಿತೆಂದು ತಿಳಿಯಲು
ತಕ್ಕಡಿಯ ಆಚೆ ತಟ್ಟೆಯಲ್ಲಿ ಕಲ್ಲು ಬೇಕು;
ಕಲ್ಲಿಗೆ ಏನೂ ಆಗಬಾರದು.
ನಾನು ಆ ಕಲ್ಲಿರಬಹುದು.
ಆದರೆ ಈ ಮಾತನ್ನು ಬೆಳಗಿನ ಜಾವ ಮೂರೂವರೆಗೆ
ಯಾರೂ ನನ್ನ ಹತ್ತಿರ ಆಡಬೇಡಿ.

ನಾಲ್ಕುನೂರ ಹದಿನೇಳು, ಒಳಗೆ ಬನ್ನಿ.
ಇಲ್ಲಿ ಅದೇ ನನ್ನ ಹೆಸರು.
ಬೂಟು ಕಳಚಿ, ಮೊಣಕಾಲು ಮಡಚದೆ ಬಾಗುತ್ತೇನೆ.
ಕೆಳಗೆ ಕಾಣುತ್ತದೆ
ಒಂದು ನೀಲಿ, ಒಂದು ಹಳದಿ.